ಇತಿಹಾಸ ವಿಭಾಗದ ಉಪನ್ಯಾಸಗಳು ಮತ್ತು ಪಿಎಚ್.ಡಿ. ಮೌಖಿಕ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಲ್ಲಿ ನಡೆಯುವ ಉಪನ್ಯಾಸ, ಪ್ರಬಂಧ ಮಂಡನೆ ಮತ್ತು ಮೌಖಿಕ ಪರೀಕ್ಷೆಗಳ ಬಗ್ಗೆ ಹೊಸ ಸಂಶೋಧನಾರ್ಥಿಗಳು, ಅವರ ಮನೆಯವರು ಮತ್ತು ಇತಿಹಾಸದಲ್ಲಿ ಆಸಕ್ತಿಯುಳ್ಳ ಊರ ಹಿರಿಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಿಯಮದ ಮಾತು ಬಂದಲ್ಲೆಲ್ಲ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್ 7ರಂದು ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿಯೇ ಆಧಾರ. ಆಯಾ ವಿಶ್ವವಿದ್ಯಾಲಯದ ಸ್ವಂತ ನಿಯಮಗಳು ಇದಕ್ಕಿಂತ ಬಿಗಿಯಾಗಿರಬಹುದಾದ್ದರಿಂದ ಅವನ್ನೂ ಓದಿಕೊಳ್ಳಬೇಕು. ಅಭಿಪ್ರಾಯ ಕಂಡುಬಂದಲ್ಲಿ ಅದು ಇಂಥ ಸಭೆಗಳಲ್ಲಿ ಮೊದಲು ಸಂಶೋಧನಾರ್ಥಿಯಾಗಿ, ಆಮೇಲೆ ಅಧ್ಯಾಪಕನಾಗಿ ಬಹಳ ಕಾಲ ಕುಳಿತ ಒಬ್ಬನದು ಎಂದು ತಿಳಿಯಬೇಕು.

ವಿಭಾಗದ ಉಪನ್ಯಾಸಗಳಿಗೆ ಹೊರಗಿನವರು ಬರಬಹುದೇ?

ಬರಬಹುದು, ಬರಬೇಕು. ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲೇ ಪ್ರಚಾರೋಪನ್ಯಾಸಗಳನ್ನು ಆರಂಭಿಸಿ, ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಆ ಭಾಷಣಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತ್ತು. ವಿಶ್ವವಿದ್ಯಾಲಯವೇ ಜನರ ಬಳಿಗೆ ಹೋಗುತ್ತಿದ್ದ ನಾಡಿನಲ್ಲಿ ಜನರು ವಿಶ್ವವಿದ್ಯಾಲಯದ ಗೇಟಿನ ಬಳಿ ಅನುಮಾನಿಸುತ್ತ ನಿಲ್ಲುವ ಸ್ಥಿತಿ ಬರಬಾರದಿತ್ತು. ವಿಶೇಷ ಉಪನ್ಯಾಸ, ದತ್ತಿ ಉಪನ್ಯಾಸ ಮತ್ತು ವಿಚಾರ ಸಂಕಿರಣಗಳಿಗೆ ಸಾಮಾನ್ಯವಾಗಿ ಯಾವ ಅನುಮತಿಯೂ ಬೇಕಿಲ್ಲ. ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವವರು ಮಾತ್ರ ನೋಂದಣಿ ಮಾಡಿಸಬೇಕಾಗುತ್ತದೆ.

ಮೌಖಿಕ ಪರೀಕ್ಷೆಯ ವಿಷಯ ಸ್ವಲ್ಪ ಬೇರೆ. ಅದು ಸಂಶೋಧನಾ ಸಲಹಾ ಸಮಿತಿಯ (ಸಂಶೋಧನಾರ್ಥಿಯ ಕೆಲಸವನ್ನು ಆಗಾಗ ಪರಿಶೀಲಿಸುವ ಸಮಿತಿ) ಸದಸ್ಯರು, ಅಧ್ಯಾಪಕರು, ಸಂಶೋಧನಾರ್ಥಿಗಳು ಮತ್ತು ವಿದ್ಯಾರ್ಥಿಗಳಿಗೆ ಮುಕ್ತವಾಗಿರಬೇಕೆಂದು ನಿಯಮಾವಳಿ ಹೇಳುತ್ತದೆ. ಸಾರ್ವಜನಿಕರು ಎಂಬ ಪದ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಅಭ್ಯರ್ಥಿಯ ತಂದೆತಾಯಿ, ಊರಿನವರು, ಹಳೆಯ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಬಂದು ಕೂರುವುದು ನಮ್ಮಲ್ಲಿ ರೂಢಿಯಾಗಿದೆ. ಯಾರೂ ಎಬ್ಬಿಸಿ ಕಳುಹಿಸಿದ್ದನ್ನು ನಾನು ಕಂಡಿಲ್ಲ.

ದತ್ತಿ ಉಪನ್ಯಾಸ, ವಿಶೇಷ ಉಪನ್ಯಾಸ, ವಿಚಾರ ಸಂಕಿರಣ: ಇವುಗಳಲ್ಲಿ ವ್ಯತ್ಯಾಸವೇನು?

ಯಾರೋ ಒಬ್ಬರು ತಮ್ಮ ಹಿರಿಯರ ಅಥವಾ ಗುರುಗಳ ಹೆಸರಿನಲ್ಲಿ ಇಟ್ಟ ಮೂಲಧನದ ಬಡ್ಡಿಯಿಂದ ವರ್ಷಕ್ಕೊಮ್ಮೆ ನಡೆಯುವುದು ದತ್ತಿ ಉಪನ್ಯಾಸ. ಹೊರಗಿನ ವಿದ್ವಾಂಸರೊಬ್ಬರು ಊರಿಗೆ ಬಂದಾಗಲೋ ವಿಭಾಗವೇ ಕರೆಸಿಕೊಂಡಾಗಲೋ ನಡೆಯುವುದು ವಿಶೇಷ ಉಪನ್ಯಾಸ. ಹಲವರು ಒಂದೇ ವಿಷಯದ ಸುತ್ತ ಪ್ರಬಂಧ ಓದುವುದು ವಿಚಾರ ಸಂಕಿರಣ. ಹೆಸರುಗಳಿಗಿಂತ ಮುಖ್ಯವಾದುದು ಕೊನೆಯಲ್ಲಿ ಪ್ರಶ್ನೆಗೆ ಸಮಯ ಉಳಿಯುತ್ತದೆಯೇ ಎಂಬುದು.

ಉಪನ್ಯಾಸಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ನಲವತ್ತರಿಂದ ನಲವತ್ತೈದು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೋತ್ತರ ಎಂಬುದು ಒಳ್ಳೆಯ ಲೆಕ್ಕ. ಆದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಅಧ್ಯಕ್ಷೀಯ ಭಾಷಣ ಮತ್ತು ವಂದನಾರ್ಪಣೆ ಎಲ್ಲವೂ ಸೇರಿ ಒಂದು ಗಂಟೆಯನ್ನು ನುಂಗಿ, ನೂರಾರು ಮೈಲಿ ಪ್ರಯಾಣ ಮಾಡಿ ಬಂದ ವಿದ್ವಾಂಸರಿಗೆ ‘ಸಮಯದ ಅಭಾವವಿದೆ, ಸಂಕ್ಷಿಪ್ತವಾಗಿ ಹೇಳಿ’ ಎಂದು ಚೀಟಿ ಕಳುಹಿಸುವ ಸಭೆಗಳನ್ನು ಎಲ್ಲರೂ ನೋಡಿದ್ದೇವೆ. ಸ್ವಾಗತ ಮತ್ತು ಪರಿಚಯವನ್ನು ಒಬ್ಬರೇ ಐದು ನಿಮಿಷದಲ್ಲಿ ಮುಗಿಸಬೇಕು, ಅಧ್ಯಕ್ಷರು ಉಪನ್ಯಾಸವನ್ನು ಮತ್ತೊಮ್ಮೆ ಮಾಡದೆ ಪ್ರಶ್ನೆಗಳನ್ನು ನಿರ್ವಹಿಸಬೇಕು. ಇಷ್ಟನ್ನು ಪಾಲಿಸಿದರೆ ಉಳಿದುದು ತಾನಾಗಿ ಸರಿಹೋಗುತ್ತದೆ.

ನೋಂದಣಿಯಿಂದ ಮೌಖಿಕ ಪರೀಕ್ಷೆಯವರೆಗೆ ಎಷ್ಟು ಕಾಲ ಹಿಡಿಯುತ್ತದೆ?

ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಇದರ ಮೇಲೆ ಎರಡು ವರ್ಷಗಳ ರಿಯಾಯಿತಿ ಇದ್ದು, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಸಂಶೋಧನಾರ್ಥಿನಿಯರು ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ಪಡೆಯಬಹುದು. ಈ ಸೌಲಭ್ಯ ಅವಧಿಯಲ್ಲಿ ಒಂದೇ ಬಾರಿ. ಮಹಾಪ್ರಬಂಧ ಸಲ್ಲಿಸಿದ ಮೇಲೆ ಮೌಲ್ಯಮಾಪನ ಮತ್ತು ಮೌಖಿಕ ಪರೀಕ್ಷೆಯ ಫಲಿತಾಂಶ ಎಲ್ಲವೂ ಆರು ತಿಂಗಳೊಳಗೆ ಮುಗಿಯಬೇಕೆಂಬುದು ನಿಯಮ. ವರದಿಗಾಗಿ ಕಾಯುತ್ತ ಕುಳಿತವರು ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಈ ಅಂಶವನ್ನು ವಿನಯದಿಂದ, ಆದರೆ ಲಿಖಿತವಾಗಿ, ನೆನಪಿಸುವುದರಲ್ಲಿ ತಪ್ಪೇನಿಲ್ಲ.

ಇತಿಹಾಸದ ಸಂಶೋಧನೆಗೆ ಕಾಲ ಹೆಚ್ಚು ಬೇಕಾಗುವುದಕ್ಕೆ ಕಾರಣ ಆಕರಗಳು ಒಂದೇ ಊರಿನಲ್ಲಿ ಇಲ್ಲದಿರುವುದು. ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. 1862ರಲ್ಲಿ ಅದನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರದ ಹತ್ತೊಂಬತ್ತನೆಯ ಶತಮಾನದ ಬಗ್ಗೆ ಬರೆಯುವವರು ಆ ವರ್ಷಕ್ಕೆ ಹಿಂದಿನ ಕಾಗದಗಳಿಗಾಗಿ ಚೆನ್ನೈನ ಎಗ್ಮೋರಿನಲ್ಲಿರುವ ದಾಖಲಾಲಯಕ್ಕೆ, ಮುಂದಿನವಕ್ಕಾಗಿ ಮುಂಬಯಿಗೆ ಅಲೆಯಬೇಕು. ಧಾರವಾಡ, ಬೆಳಗಾವಿ ಕಡೆಯ ಪೇಶ್ವೆಕಾಲದ ದಾಖಲೆಗಳಿಗೆ ಮರಾಠಿಯ ಹಳೆಯ ಓಟಬರಹವಾದ ಮೋಡಿ ಲಿಪಿ ಕಲಿಯಬೇಕು. ಕಲಬುರಗಿ, ರಾಯಚೂರಿನ ನಿಜಾಮರ ಕಾಲಕ್ಕೆ ಫಾರಸಿ ಅಥವಾ ಉರ್ದು ಬರಬೇಕು. ‘ಕರ್ನಾಟಕದ ಇತಿಹಾಸಕ್ಕೆ ಇಷ್ಟೆಲ್ಲ ಭಾಷೆ ಏಕೆ?’ ಎಂದು ಮನೆಯವರು ಕೇಳಿದರೆ, 1956ರ ನವೆಂಬರ್ 1ಕ್ಕೆ ಮೊದಲು ಈ ನಾಡು ಎಷ್ಟು ಆಡಳಿತಗಳ ಕೆಳಗೆ ಹಂಚಿಹೋಗಿತ್ತು ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು.

ಸಲ್ಲಿಕೆಗೆ ಮುಂಚಿನ ಮಂಡನೆ ಕೇವಲ ಔಪಚಾರಿಕವೇ?

ಹಾಗೆ ಮಾಡಿಕೊಂಡವರಿಗೆ ಔಪಚಾರಿಕ. ಕೊಲೊಕ್ವಿಯಂ ಎಂದು ನಾವು ಕರೆಯುವ ಈ ಮಂಡನೆ ಸಲಹಾ ಸಮಿತಿಯ ಮುಂದೆ ನಡೆಯುತ್ತದೆ, ವಿಭಾಗದ ಅಧ್ಯಾಪಕರಿಗೂ ಇತರ ಸಂಶೋಧನಾರ್ಥಿಗಳಿಗೂ ಮುಕ್ತವಾಗಿರುತ್ತದೆ, ಮತ್ತು ಇಲ್ಲಿ ಬಂದ ಸೂಚನೆಗಳನ್ನು ಪ್ರಬಂಧದಲ್ಲಿ ಅಳವಡಿಸಿದ ನಂತರವೇ ಸಲ್ಲಿಕೆಯಾಗಬೇಕು. ನನ್ನ ಲೆಕ್ಕದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಉಪಯುಕ್ತವಾದ ದಿನ ಇದೇ, ಏಕೆಂದರೆ ಇಲ್ಲಿ ಸಿಕ್ಕ ತಪ್ಪನ್ನು ತಿದ್ದಬಹುದು. ಮೌಖಿಕ ಪರೀಕ್ಷೆಯ ದಿನ ಸಿಕ್ಕ ತಪ್ಪಿಗೆ ಸಮಜಾಯಿಷಿ ಮಾತ್ರ ಕೊಡಬಹುದು.

ಜೊತೆಯ ಸಂಶೋಧನಾರ್ಥಿಗಳು ಗೆಳೆತನದ ದಾಕ್ಷಿಣ್ಯದಿಂದ ಸುಮ್ಮನೆ ಕೂರುವುದು ಇಲ್ಲಿಯ ದೊಡ್ಡ ದೋಷ. ‘ಅವನ ವೈವಾ (ಮೌಖಿಕ ಪರೀಕ್ಷೆ) ನಾವು ಕೆಡಿಸುವುದು ಬೇಡ’ ಎನ್ನುವವರು ಕೊಲೊಕ್ವಿಯಂನಲ್ಲಿ ಕಠಿಣವಾದ ಪ್ರಶ್ನೆ ಕೇಳಿಬಿಟ್ಟರೆ ವೈವಾ ಕೆಡುವ ಸಂಭವವೇ ಕಡಿಮೆಯಾಗುತ್ತದೆ.

ಕೃತಿಚೌರ್ಯ ತಪಾಸಣೆಯಲ್ಲಿ ಶಾಸನ ಪಾಠಗಳೂ ಸಿಕ್ಕಿಬೀಳುತ್ತವೆಯೇ?

ಯುಜಿಸಿಯ 2018ರ ನಿಯಮಗಳ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ಕ್ರಮವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮರುಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಸರಿಯಾದ ಉಲ್ಲೇಖದೊಡನೆ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ ಮತ್ತು ಕೃತಜ್ಞತೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಶಾಸನ ಪಾಠವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಸಂಪುಟ ಮತ್ತು ಸಂಖ್ಯೆ ನಮೂದಿಸಿದರೆ ಭಯವಿಲ್ಲ.

ಕನ್ನಡ ಬರಹದ ಕಳವನ್ನು ತಂತ್ರಾಂಶ ಹಿಡಿಯಲಾರದು ಎಂಬ ಧೈರ್ಯದಲ್ಲಿ ಕೆಲವರು ಇದ್ದಾರೆ. ತಂತ್ರಾಂಶ ಹಿಡಿಯದಿದ್ದರೂ ಪರೀಕ್ಷಕರು ಹಿಡಿಯುತ್ತಾರೆ. ಕನ್ನಡದಲ್ಲಿ ಇತಿಹಾಸ ಬರೆಯುವವರ ಸಂಖ್ಯೆ ಅಷ್ಟೇನೂ ದೊಡ್ಡದಲ್ಲ. ಅಧ್ಯಾಯವೊಂದರ ವಾಕ್ಯರಚನೆ ನಡುವೆ ಇದ್ದಕ್ಕಿದ್ದಂತೆ ಬದಲಾದರೆ ಅದು ಯಾರ ಕೈಬರಹವೆಂದು ಗುರುತಿಸಬಲ್ಲವರು ಎದುರಿಗೇ ಕುಳಿತಿರುತ್ತಾರೆ. ಕೆಲವೊಮ್ಮೆ ಆ ಕೈ ಅವರದೇ ಆಗಿರುತ್ತದೆ.

ಪರೀಕ್ಷಕರು ಯಾರು? ಅವರನ್ನು ಯಾರು ಆರಿಸುತ್ತಾರೆ?

ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಇರಬೇಕು, ಅವರು ಅದೇ ವಿಶ್ವವಿದ್ಯಾಲಯದ ನೌಕರಿಯಲ್ಲಿ ಇರಬಾರದು, ಸಾಧ್ಯವಿದ್ದಲ್ಲಿ ಒಬ್ಬರು ಹೊರದೇಶದವರಾಗಿರಬೇಕು. ಮೌಖಿಕ ಪರೀಕ್ಷೆಯ ಮಂಡಳಿಯಲ್ಲಿ ಮಾರ್ಗದರ್ಶಕರೂ ಬಾಹ್ಯ ಪರೀಕ್ಷಕರಲ್ಲಿ ಕನಿಷ್ಠ ಒಬ್ಬರೂ ಇರಬೇಕು. ಪರೀಕ್ಷಕರ ಹೆಸರು ಅಭ್ಯರ್ಥಿಗೆ ಮೊದಲೇ ತಿಳಿಯಬಾರದು. ತಿಳಿದರೂ ಅವರಿಗೆ ಫೋನ್ ಮಾಡಬಾರದು.

ಕನ್ನಡದಲ್ಲಿ ಬರೆದ ಮಹಾಪ್ರಬಂಧಕ್ಕೆ ಹೊರರಾಜ್ಯದ ಅಥವಾ ಹೊರದೇಶದ ಪರೀಕ್ಷಕರನ್ನು ಹುಡುಕುವುದು ನಿಜವಾದ ತೊಡಕು. ಕನ್ನಡ ಓದಬಲ್ಲ ಇತಿಹಾಸಕಾರರು ಹೊರಗೆ ಕೆಲವರಾದರೂ ಇದ್ದಾರೆ, ಆದರೆ ಅದೇ ಕೆಲವರಿಗೆ ಎಲ್ಲ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಹೋಗಿ ಬೀಳುತ್ತವೆ. ಇದಕ್ಕಾಗಿ ಕನ್ನಡದಲ್ಲಿ ಬರೆಯುವುದನ್ನೇ ಬಿಡಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆ.

ಒಬ್ಬ ಪರೀಕ್ಷಕರು ತಿರಸ್ಕರಿಸಿದರೆ ಎಲ್ಲವೂ ಮುಗಿಯಿತೇ?

ಇಲ್ಲ. ಇಬ್ಬರ ವರದಿಯೂ ಅನುಕೂಲಕರವಾಗಿದ್ದರೆ ಮಾತ್ರ ಮೌಖಿಕ ಪರೀಕ್ಷೆ ನಡೆಯುತ್ತದೆ. ಒಬ್ಬರು ತಿರಸ್ಕರಿಸಿದರೆ ಅನುಮೋದಿತ ಪಟ್ಟಿಯಲ್ಲಿರುವ ಬೇರೊಬ್ಬ ಬಾಹ್ಯ ಪರೀಕ್ಷಕರಿಗೆ ಪ್ರಬಂಧ ಹೋಗುತ್ತದೆ. ಅವರು ಒಪ್ಪಿದರೆ ಪರೀಕ್ಷೆ ನಡೆಯುತ್ತದೆ. ಅವರೂ ಒಪ್ಪದಿದ್ದರೆ ಪ್ರಬಂಧ ತಿರಸ್ಕೃತವಾಗುತ್ತದೆ.

ಮೌಖಿಕ ಪರೀಕ್ಷೆಯ ದಿನ ಏನೇನು ನಡೆಯುತ್ತದೆ?

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿಭಾಗದ ಸೆಮಿನಾರ್ ಕೊಠಡಿಯಲ್ಲಿ ಸಭೆ ಸೇರುತ್ತದೆ. ಮೇಜಿನ ಮೇಲೆ ಕಪ್ಪು ಅಥವಾ ಕಡುಗೆಂಪು ರಟ್ಟಿನ, ಚಿನ್ನದ ಬಣ್ಣದ ಅಕ್ಷರಗಳ ಮಹಾಪ್ರಬಂಧ ಇರುತ್ತದೆ. ಪರೀಕ್ಷಕರ ಕೈಯಲ್ಲಿರುವ ಪ್ರತಿಯ ಪುಟಗಳ ನಡುವೆ ಹರಿದ ಕಾಗದದ ಚೀಟಿಗಳು ಇಣುಕುತ್ತಿರುತ್ತವೆ. ಅಭ್ಯರ್ಥಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮಾರ್ಗದರ್ಶಕರು ನಾಲ್ಕು ಮಾತಿನಲ್ಲಿ ಪರಿಚಯಿಸಿದ ಮೇಲೆ ಅಭ್ಯರ್ಥಿ ಇಪ್ಪತ್ತು ಮೂವತ್ತು ನಿಮಿಷ ತನ್ನ ಸಂಶೋಧನೆಯನ್ನು ಮಂಡಿಸುತ್ತಾನೆ ಅಥವಾ ಮಂಡಿಸುತ್ತಾಳೆ. ಬಳಿಕ ಪರೀಕ್ಷಕರ ಪ್ರಶ್ನೆಗಳು, ಅನಂತರ ಸಭೆಯ ಪ್ರಶ್ನೆಗಳು. ಕೊನೆಗೆ ಮಂಡಳಿಯವರು ಒಳಗೆ ಹೋಗಿ ವರದಿ ಬರೆದು ಸಹಿ ಮಾಡಿ ಹೊರಬರುತ್ತಾರೆ. ಆ ಹತ್ತು ನಿಮಿಷ ಕಾರಿಡಾರಿನಲ್ಲಿ ನಿಂತವರಿಗೆ ಬಹಳ ದೀರ್ಘವಾಗಿ ತೋರುತ್ತದೆ.

ಅಧ್ಯಾಯ ಒಂದರಿಂದ ಏಳರವರೆಗೆ ಏನೇನಿದೆ ಎಂದು ಪರಿವಿಡಿಯನ್ನು ಓದಿಹೇಳಬೇಡಿ. ಪರೀಕ್ಷಕರು ಪ್ರಬಂಧವನ್ನು ಓದಿಕೊಂಡೇ ಬಂದಿರುತ್ತಾರೆ. ನೀವು ಹೊಸದಾಗಿ ಕಂಡುಕೊಂಡದ್ದೇನು, ಅದು ಯಾವ ಆಕರದಿಂದ ತಿಳಿಯಿತು, ಮೊದಲಿದ್ದ ಯಾವ ಅಭಿಪ್ರಾಯ ಅದರಿಂದ ಬದಲಾಯಿತು ಎಂಬ ಮೂರು ಸಂಗತಿಗಳಿಗೆ ಇಪ್ಪತ್ತು ನಿಮಿಷ ಸಾಕು.

ಎಂತಹ ಪ್ರಶ್ನೆಗಳು ಬರುತ್ತವೆ?

‘ಈ ಕಲ್ಲನ್ನು ನೀವೇ ನೋಡಿದ್ದೀರಾ?’ ಎಂಬುದು ಮೊದಲ ಪ್ರಶ್ನೆಯೆಂದು ಭಾವಿಸಿ ಸಿದ್ಧರಾಗಿರಿ. ಕಲ್ಲಿನ ಜಾಗದಲ್ಲಿ ಕಡತ, ತಾಮ್ರಪಟ, ಕೈಫಿಯತ್ತು (ಊರಿನ ಹಳೆಯ ವೃತ್ತಾಂತ), ವರದಿ ಯಾವುದಾದರೂ ಬರಬಹುದು. ಇತಿಹಾಸದ ಮೌಖಿಕ ಪರೀಕ್ಷೆ ನೆನಪಿನ ಪರೀಕ್ಷೆಯಲ್ಲ. ಆಕರಕ್ಕೂ ನಿಮ್ಮ ವಾಕ್ಯಕ್ಕೂ ನಡುವೆ ಇರುವ ದಾರಿಯನ್ನು ನೀವೇ ನಡೆದಿದ್ದೀರೋ ಇಲ್ಲವೋ ಎಂಬುದರ ವಿಚಾರಣೆ.

ಕಾಲನಿರ್ಣಯದ ಪ್ರಶ್ನೆಗಳು ಬಂದೇ ಬರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನದ ಶಕ 465, ಕ್ರಿ.ಶ. 543 ಆಗುವುದು ಹೀಗೆ. ಆದರೆ ಶಕವರ್ಷ ಚೈತ್ರದಿಂದ ಆರಂಭವಾಗುತ್ತದೆ. ಗತಶಕ (ಅಂದರೆ ಮುಗಿದ ವರ್ಷಗಳ ಎಣಿಕೆ) 1000 ಎಂದಿದ್ದರೆ ಅದರ ಚೈತ್ರ 1078ರಲ್ಲಿ ಬಂದರೂ ಮಾಘ ಮತ್ತು ಫಾಲ್ಗುಣಗಳು 1079ರ ಮೊದಲ ತಿಂಗಳುಗಳಲ್ಲಿ ಬೀಳುತ್ತವೆ; ಅಲ್ಲಿ 79 ಕೂಡಿಸಬೇಕು. ಅದಲ್ಲದೆ ಶಾಸನದಲ್ಲಿರುವುದು ಗತವರ್ಷವೋ ವರ್ತಮಾನವೋ (ನಡೆಯುತ್ತಿರುವ ವರ್ಷವೋ) ಎಂಬುದನ್ನು ಸಂವತ್ಸರದ ಹೆಸರು, ತಿಥಿ ಮತ್ತು ವಾರಗಳೊಂದಿಗೆ ತಾಳೆ ನೋಡಬೇಕು. ಚಾಲುಕ್ಯ ವಿಕ್ರಮ ವರ್ಷ ಕಂಡರೆ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಹೊಸ ಶಕೆ ಆರಂಭಿಸಿದ್ದು ನೆನಪಾಗಬೇಕು.

ಐಹೊಳೆಯ ಮೇಗುತಿ ಬಸದಿಯ ಶಾಸನ ಇಂಥ ಪ್ರಶ್ನೆಗೆ ಒಳ್ಳೆಯ ಪಾಠ. ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿ ಅಲ್ಲಿ ಕಾಲವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ಎರಡನ್ನೂ ಲೆಕ್ಕ ಹಾಕಿದರೆ ಕ್ರಿ.ಶ. 634ಕ್ಕೇ ಬಂದು ನಿಲ್ಲುತ್ತವೆ. ಒಬ್ಬ ಪರೀಕ್ಷಕರು ಅಭ್ಯರ್ಥಿಯನ್ನು ಕಪ್ಪುಹಲಗೆಯ ಬಳಿಗೆ ಕರೆದು, ಸೀಮೆಸುಣ್ಣ ಕೈಗೆ ಕೊಟ್ಟು, ಈ ಲೆಕ್ಕವನ್ನು ಮಾಡಿಸಿದ್ದನ್ನು ನಾನು ನೋಡಿದ್ದೇನೆ. ಆಕೆ ಎರಡು ಸಾಲು ಬರೆದು ಮುಗಿಸಿದಾಗ ಅವರು, ‘ಈಗ ಹೇಳಿ, ಭಾರತ ಯುದ್ಧದ ಕಾಲಕ್ಕೆ ಇದು ಪ್ರಮಾಣವೋ, ಏಳನೆಯ ಶತಮಾನದವರು ಅದನ್ನು ಹೇಗೆ ಎಣಿಸುತ್ತಿದ್ದರು ಎಂಬುದಕ್ಕೆ ಪ್ರಮಾಣವೋ?’ ಎಂದು ಕೇಳಿದರು. ಆಕೆ ಎರಡನೆಯದು ಎಂದಳು. ಆ ಪರೀಕ್ಷೆ ಅಲ್ಲಿಗೇ ಮುಕ್ಕಾಲು ಮುಗಿದಿತ್ತು.

ಕಾಲವನ್ನೇ ಹೇಳದ ಶಾಸನಗಳದು ಇನ್ನೊಂದು ಕಷ್ಟ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ, ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆ ಮತ್ತು ಉಲ್ಲೇಖಿತ ವ್ಯಕ್ತಿಗಳಿಂದ ಮಾಡಿದ ಊಹೆ. ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದೆಂದು ವಾದಿಸುವವರಿದ್ದಾರೆ. ‘ಕನ್ನಡದ ಮೊದಲ ಶಾಸನ’ ಎಂದು ಪ್ರಬಂಧದಲ್ಲಿ ಬರೆದಿದ್ದರೆ ಆ ‘ಮೊದಲ’ ಎಂಬ ಪದಕ್ಕೆ ನೀವು ಸಮರ್ಥನೆ ಕೊಡಬೇಕಾಗುತ್ತದೆ. ‘ಸುಮಾರು’ ಎಂಬ ಪದವನ್ನು ಉದಾರವಾಗಿ ಬಳಸುವುದು ಹೇಡಿತನವಲ್ಲ.

ಆಧುನಿಕ ಕಾಲದವರು ಈ ಕಷ್ಟದಿಂದ ಪಾರಾದೆವೆಂದು ತಿಳಿಯಬಾರದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿನಲ್ಲಿ ಸತ್ತವರೆಷ್ಟು? ಸರ್ಕಾರ ಹೇಳಿದ್ದು ಒಂದು, ಜನರ ನೆನಪಿನಲ್ಲಿ ಉಳಿದದ್ದು ಇನ್ನೊಂದು. ಮೈಸೂರು ಸರ್ಕಾರ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನೂ ನೇಮಿಸಿತ್ತು. ಯಾವ ಸಂಖ್ಯೆಯನ್ನು ಆರಿಸಿದಿರಿ ಎಂಬುದಕ್ಕಿಂತ ಏಕೆ ಆರಿಸಿದಿರಿ, ಉಳಿದವನ್ನು ಅಡಿಟಿಪ್ಪಣಿಯಲ್ಲಾದರೂ ದಾಖಲಿಸಿದಿರಾ ಎಂಬುದನ್ನು ಪರೀಕ್ಷಕರು ನೋಡುತ್ತಾರೆ.

ಉಲ್ಲೇಖಗಳ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಎಣಿಸಲಾಗಿದೆ. 1972ರಿಂದ ಮೈಸೂರಿನಲ್ಲಿ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಸಂಖ್ಯೆಗಳೂ ಬೇರೆ. ನಾನು ಯಾರದೋ ಲೇಖನದಿಂದ ಹಳೆಯ ಸಂಖ್ಯೆಯನ್ನು ಎತ್ತಿಕೊಂಡು ಹೊಸ ಸಂಪುಟದ ಹೆಸರಿಗೆ ಜೋಡಿಸಿದ್ದೆ. ಪರೀಕ್ಷಕರು ಗ್ರಂಥಾಲಯದಿಂದ ಆ ಸಂಪುಟವನ್ನೇ ತರಿಸಿ, ನಾನು ಹೇಳಿದ ಸಂಖ್ಯೆಯ ಪುಟ ತೆರೆದು ನನ್ನ ಮುಂದಿಟ್ಟರು. ನಾನು ಕೆರೆಯ ದಾನದ ಬಗ್ಗೆ ಬರೆದಿದ್ದೆ. ಅಲ್ಲಿ ತುರುಗೋಳ್ (ದನಗಳ್ಳತನದ) ಕಾಳಗದಲ್ಲಿ ಮಡಿದ ಒಬ್ಬ ವೀರನ ಕಲ್ಲಿತ್ತು. ‘ಈ ವೀರ ಕೆರೆ ಕಟ್ಟಿಸುವಷ್ಟು ದಿನ ಬದುಕಲಿಲ್ಲವಲ್ಲ’ ಎಂದರು. ಸಭೆ ನಕ್ಕಿತು, ನಾನೂ ನಗಬೇಕಾಯಿತು. ಪದವಿ ಸಿಕ್ಕಿತು, ಆದರೆ ಅಂದಿನಿಂದ ಸಂಪುಟ ತೆರೆಯದೆ ಸಂಖ್ಯೆ ಬರೆದಿಲ್ಲ.

ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಬೇಕು?

‘ಗೊತ್ತಿಲ್ಲ ಸರ್’ ಅಥವಾ ‘ಆ ದಾಖಲೆಯನ್ನು ನಾನು ನೋಡಿಲ್ಲ ಮೇಡಂ’ ಎನ್ನಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದ ಕಾರಣಕ್ಕೆ ಪದವಿ ತಪ್ಪಿದ್ದನ್ನು ನಾನು ಕಂಡಿಲ್ಲ. ನೋಡದ ಕಡತವನ್ನು ನೋಡಿದ್ದೇನೆಂದು ಹೇಳಿ ಮೂರನೆಯ ಪ್ರಶ್ನೆಗೆ ಬೆವರಿದವರನ್ನು ಕಂಡಿದ್ದೇನೆ. ಮಾರ್ಗದರ್ಶಕರ ಮುಖ ನೋಡುವ ಅಭ್ಯಾಸವನ್ನೂ ಬಿಡಬೇಕು. ಶಿಷ್ಯರ ಪರವಾಗಿ ತಾವೇ ಉತ್ತರಿಸಲು ಹೊರಡುವ ಮಾರ್ಗದರ್ಶಕರು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುತ್ತಾರೆ.

ಕನ್ನಡದಲ್ಲಿ ಮಂಡಿಸಬಹುದೇ? ಪಾರಿಭಾಷಿಕ ಪದಗಳ ಗತಿಯೇನು?

ಪ್ರಬಂಧ ಕನ್ನಡದಲ್ಲಿದ್ದರೆ ಮಂಡನೆಯೂ ಕನ್ನಡದಲ್ಲೇ ಇರುವುದು ಸಹಜ. ಪ್ರಬಂಧ ಇಂಗ್ಲಿಷಿನಲ್ಲಿದ್ದು ಪರೀಕ್ಷಕರಿಗೆ ಕನ್ನಡ ಬರುವುದಾದರೆ ಕನ್ನಡದಲ್ಲಿ ಉತ್ತರಿಸಲು ಅನುಮತಿ ಕೇಳಬಹುದು. ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ.

ಪದಗಳ ವಿಷಯದಲ್ಲಿ ಎಚ್ಚರ ಬೇಕು. ಊಳಿಗಮಾನ್ಯ ಪದ್ಧತಿ ಎಂಬುದು ಯುರೋಪಿನ ಒಂದು ವ್ಯವಸ್ಥೆಗೆ ನಾವು ಕೊಟ್ಟುಕೊಂಡ ಕನ್ನಡ ಹೆಸರು. ಅದನ್ನು ಹೊಯ್ಸಳರ ಕಾಲದ ನಾಡಪ್ರಭುಗಳಿಗೆ ಅಂಟಿಸುವ ಮೊದಲು ಹೊಂದುತ್ತದೆಯೇ ಎಂದು ವಾದಿಸಬೇಕು. ಶಾಸನಗಳಲ್ಲೇ ಇರುವ ಮಹಾಮಂಡಳೇಶ್ವರ, ನಾಳ್ಗಾವುಂಡ, ಅಗ್ರಹಾರ, ಬ್ರಹ್ಮದೇಯ, ಸಿದ್ಧಾಯ, ಸುಂಕ ಮುಂತಾದ ಪದಗಳನ್ನು ಹಾಗೆಯೇ ಇಟ್ಟು ವಿವರಿಸಿದರೆ ಅರ್ಧ ಜಗಳ ತಪ್ಪುತ್ತದೆ. ಊರ ಹೆಸರುಗಳಿಗೂ ಈ ಮಾತು ಅನ್ವಯಿಸುತ್ತದೆ. 1973ರವರೆಗೆ ರಾಜ್ಯದ ಹೆಸರೇ ಮೈಸೂರು ಎಂದಿತ್ತು. 1960ರ ಘಟನೆಯೊಂದನ್ನು ಬರೆಯುವಾಗ ‘ಕರ್ನಾಟಕ ಸರ್ಕಾರದ ಆದೇಶ’ ಎಂದು ಉಲ್ಲೇಖಿಸಿದರೆ ಪರೀಕ್ಷಕರ ಪುಸ್ತಕದಲ್ಲಿ ಇನ್ನೊಂದು ಚೀಟಿ ಸೇರುತ್ತದೆ.

ಸ್ಲೈಡುಗಳು ಬೇಕೇ?

ನಕ್ಷೆ, ಛಾಯಾಚಿತ್ರ ಮತ್ತು ದಾಖಲೆಯ ಪ್ರತಿ ತೋರಿಸಲು ಬೇಕು. ನೀವು ಓದುತ್ತಿರುವ ವಾಕ್ಯವನ್ನೇ ಗೋಡೆಯ ಮೇಲೂ ತೋರಿಸಲು ಬೇಡ. ವಿದ್ಯುತ್ ಹೋದರೂ ಮಾತನಾಡುವಂತೆ ಕೈಯಲ್ಲೊಂದು ಟಿಪ್ಪಣಿ ಇರಲಿ. ಕನ್ನಡ ಅಕ್ಷರಗಳು ಬೇರೆ ಕಂಪ್ಯೂಟರಿನಲ್ಲಿ ಒಡೆದು ಚೌಕಟ್ಟುಗಳಾಗುವುದು ಮಾಮೂಲಾದ್ದರಿಂದ ಯೂನಿಕೋಡಿನಲ್ಲಿ ಬರೆದು ಪಿಡಿಎಫ್ ಮಾಡಿಟ್ಟುಕೊಳ್ಳಬೇಕು.

ಶಾಸನದ ಮೇಲೆ ಕೆಲಸ ಮಾಡಿದವರು ಪಡಿಯಚ್ಚನ್ನೇ ತಂದು ಮೇಜಿನ ಮೇಲೆ ಹರಡಿದರೆ ಅದಕ್ಕೆ ಸಮನಾದ ಸ್ಲೈಡಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕೊರೆತದೊಳಗೆ ಕಾಗದ ಇಳಿಯುವವರೆಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದಾಗ ಕಪ್ಪಿನ ನಡುವೆ ಅಕ್ಷರಗಳು ಬಿಳಿಯಾಗಿ ಏಳುತ್ತವೆ. ಒಡೆದ ಅಕ್ಷರ ಯಾವುದು, ಓದಿನಲ್ಲಿ ಊಹೆ ಎಲ್ಲಿಂದ ಆರಂಭವಾಯಿತು ಎಂಬುದು ಬೆರಳಿಟ್ಟು ತೋರಿಸುವಂತಿರುತ್ತದೆ. ಹಿಂದಿನ ಸಾಲಿನವರು ಎದ್ದು ಮೇಜಿನ ಸುತ್ತ ನೆರೆಯುವುದು ಆಗಲೇ.

ಸಭಿಕರು ಪ್ರಶ್ನೆ ಕೇಳಬಹುದೇ? ಜಾತಿ, ಮಠ, ಊರಿನ ಅಭಿಮಾನದ ವಿಷಯ ಬಂದು ಸಭೆ ಬಿಸಿಯಾದರೆ?

ಅಧ್ಯಕ್ಷರ ಅನುಮತಿಯಿಂದ ಕೇಳಬಹುದು. ಕೇಳುವುದು ಪ್ರಶ್ನೆಯಾಗಿರಬೇಕು, ಪ್ರತಿ-ಉಪನ್ಯಾಸವಾಗಬಾರದು.

ಸಭೆ ಬಿಸಿಯಾಗುವುದು ಸಾಮಾನ್ಯವಾಗಿ ಮೂರು ಕಡೆ: ರಾಜವಂಶವೊಂದರ ಜಾತಿಮೂಲ, ಸಂತರ ಹುಟ್ಟೂರು, ಮತ್ತು ಟಿಪ್ಪು. ಮೂರನೆಯದರಲ್ಲಂತೂ ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಸಭೆ ಎರಡಾಗಿರುತ್ತದೆ. ಶೃಂಗೇರಿ ಮಠದಲ್ಲಿ ದೊರೆತ ಟಿಪ್ಪುವಿನ ಕನ್ನಡ ಪತ್ರಗಳನ್ನು ಒಬ್ಬರು ಎತ್ತಿದರೆ, ಕೊಡಗಿನ ಮತ್ತು ಮಲಬಾರಿನ ದಂಡಯಾತ್ರೆಗಳನ್ನು ಇನ್ನೊಬ್ಬರು ಎತ್ತುತ್ತಾರೆ. ಎರಡಕ್ಕೂ ದಾಖಲೆಗಳಿವೆ, ಮತ್ತು ಒಂದು ದಾಖಲೆ ಇನ್ನೊಂದನ್ನು ಅಳಿಸುವುದಿಲ್ಲ. ಅಭ್ಯರ್ಥಿ ಇಲ್ಲಿ ಯಾರನ್ನೂ ಮೆಚ್ಚಿಸಲು ಹೋಗದೆ, ತಾನು ಬಳಸಿದ ಆಕರ ಯಾವುದು, ಅದನ್ನು ಬರೆದವರು ಯಾರು, ಯಾರಿಗಾಗಿ, ಯಾವಾಗ ಎಂಬುದನ್ನು ಶಾಂತವಾಗಿ ಹೇಳಿ ಕೂರಬೇಕು. ಅಧ್ಯಕ್ಷರ ಕೆಲಸ ಪ್ರಶ್ನೆಯನ್ನು ಅಭಿಮಾನದಿಂದ ಬಿಡಿಸಿ ಆಕರದ ಕಡೆಗೆ ತಿರುಗಿಸುವುದು. ಅದನ್ನು ಮಾಡಲಾರದವರು ಆ ಕುರ್ಚಿಯಲ್ಲಿ ಕೂರಬಾರದು.

ಬಿಸಿಯಾದ ಪ್ರಶ್ನೆಯೆಲ್ಲ ಕೆಟ್ಟದ್ದೆಂದೂ ಅಲ್ಲ. ಒಮ್ಮೆ ಹಿಂದಿನ ಸಾಲಿನ ವೃದ್ಧರೊಬ್ಬರು ಸಿಟ್ಟಿನಲ್ಲಿ, ‘ನಮ್ಮೂರ ಹೆಸರನ್ನು ನೀವು ತಪ್ಪಾಗಿ ಓದಿದ್ದೀರಿ, ಆ ಹಳ್ಳಿ ಕೆರೆಯ ಆಚೆ ದಂಡೆಯಲ್ಲಿತ್ತು, ಈಗ ಅಲ್ಲಿ ಬರಿ ಗುಡಿ ಉಳಿದಿದೆ’ ಎಂದರು. ವಿಚಾರಿಸಿದಾಗ ಅವರ ಮಾತೇ ಸರಿಯಾಗಿತ್ತು, ಮತ್ತು ಪ್ರಬಂಧದ ನಕ್ಷೆಯಲ್ಲಿ ಒಂದು ಚುಕ್ಕೆ ಸ್ಥಳ ಬದಲಿಸಿತು.

ಹಾರ, ಶಾಲು, ಊಟ: ಇವೆಲ್ಲ ಕಡ್ಡಾಯವೇ?

ಯಾವ ನಿಯಮದಲ್ಲೂ ಇಲ್ಲ. ಚಹಾ, ಬಿಸ್ಕತ್ತು ಸಾಕು. ಫೆಲೋಶಿಪ್ಪಿಲ್ಲದ ಸಂಶೋಧನಾರ್ಥಿ ಇಡೀ ವಿಭಾಗಕ್ಕೆ ಹೋಳಿಗೆ ಊಟ ಹಾಕಿಸಲು ಸಾಲ ಮಾಡುವುದನ್ನು ಸಂಪ್ರದಾಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಫಲಿತಾಂಶಕ್ಕೆ ಮೊದಲೇ ಹಾರ ಮತ್ತು ಶಾಲು ತಂದಿಡುವುದಂತೂ ಪರೀಕ್ಷಕರಿಗೆ ಮಾಡುವ ಅವಮಾನ.

ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ ನಡೆಯಬಹುದೇ?

ನಿಯಮಾವಳಿ ಅದಕ್ಕೆ ಅವಕಾಶ ಕೊಟ್ಟಿದೆ. ದೂರದ ಪರೀಕ್ಷಕರಿಗೆ ಅನುಕೂಲ, ಖರ್ಚೂ ಕಡಿಮೆ. ಆದರೆ ಪಡಿಯಚ್ಚನ್ನು ಪರದೆಯಲ್ಲಿ ಹರಡಲಾಗುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಏನು?

ಪರೀಕ್ಷಕರು ಸೂಚಿಸಿದ ತಿದ್ದುಪಡಿಗಳಿದ್ದರೆ ಮಾಡಬೇಕು. ಪದವಿ ಘೋಷಣೆಗೆ ಮುನ್ನ ವಿಶ್ವವಿದ್ಯಾಲಯವು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ಗೆ ಸಲ್ಲಿಸಬೇಕು. ಅಲ್ಲಿಂದ ಅದು ಶೋಧಗಂಗಾ ಭಂಡಾರದಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ಅಡಿಟಿಪ್ಪಣಿಗಳನ್ನು ಇಡೀ ದೇಶ ಓದಬಹುದು ಎಂಬ ಅರಿವು ಮೊದಲ ಅಧ್ಯಾಯ ಬರೆಯುವಾಗಲೇ ಇದ್ದರೆ ಒಳ್ಳೆಯದು. ಪುಸ್ತಕ ಮಾಡುವವರು ಒಂದು ವರ್ಷ ಬಿಟ್ಟು, ಸಂಶೋಧನಾ ವಿಧಾನದ ಅಧ್ಯಾಯವನ್ನು ತೆಗೆದು, ಮತ್ತೆ ಬರೆಯಬೇಕು. ಪ್ರಬಂಧವನ್ನು ಹಾಗೆಯೇ ಅಚ್ಚು ಹಾಕಿಸಿದರೆ ಪರೀಕ್ಷಕರ ನಂತರ ಅದನ್ನು ಇನ್ನಾರೂ ಪೂರ್ತಿ ಓದುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ನೆರವಾದ ಊರಿನವರನ್ನು ಮೌಖಿಕ ಪರೀಕ್ಷೆಗೆ ಕರೆಯಬೇಕೇ?

ಕರೆಯಿರಿ. ಬರಲಾಗದವರಿಗೆ ಅವರ ಊರಿನ ಶಾಸನದ ಪಾಠವನ್ನೂ ಅದರ ಸರಳಗನ್ನಡ ಅರ್ಥವನ್ನೂ ಎರಡು ಹಾಳೆಯಲ್ಲಿ ಅಚ್ಚು ಮಾಡಿಸಿ ತಲುಪಿಸಿ. ಒಂದು ಪ್ರತಿ ಶಾಲೆಗೆ, ಒಂದು ಪಂಚಾಯಿತಿಗೆ. ಕಲ್ಲಿನ ಮೇಲೆ ಒರಗಿಸಿದ್ದ ಮೇವಿನ ಬಣವೆಯನ್ನು ನಿಮಗಾಗಿ ಸರಿಸಿ, ತೊಳೆಯಲು ಎರಡು ಕೊಡ ನೀರು ತಂದುಕೊಟ್ಟು, ‘ಅದರಾಗ ಏನ್ ಬರದೈತಿ ಅಂತ ನಮಗೂ ಒಂದೀಟು ಹೇಳಿ ಹೋಗ್ರಿ’ ಎಂದು ಕೇಳಿದ ತಾಯಿಗೆ ನೀವು ಆವತ್ತು ಹೂಂ ಅಂದಿದ್ದಿರಿ.